ಅಮೆರಿಕನ್ ಹಳೆಯ ಮೋಟಾರುಗಳು: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಒಡೆತನ, ರಕ್ಷಣೆ, ನಿರ್ವಹಣೆ

ಫೋರ್ಡ್, ಷೆವರ್ಲೆ, ಡಾಜ್, ಪ್ಲಿಮತ್, ಡಿಸೋಟೊ, ಸ್ಟೂಡಿಬೇಕರ್, ವಿಲ್ಲಿಸ್ ಮುಂತಾದ ಅಮೆರಿಕದ ಕಂಪನಿಗಳು 20ನೆಯ ಶತಮಾನದ ಮೊದಲ ಆರೇಳು ದಶಕಗಳಲ್ಲಿ ತಯಾರಿಸಿದ, ಇಲ್ಲವೆ ಅವುಗಳ ಪರವಾನಗಿ ಪಡೆದು ಭಾರತದಲ್ಲಿ ಜೋಡಿಸಿದ ಕಾರು, ಜೀಪು ಮತ್ತು ಸಣ್ಣ ಲಾರಿಗಳನ್ನು ಇಲ್ಲಿ ಅಮೆರಿಕನ್ ಹಳೆಯ ಮೋಟಾರುಗಳು ಎಂದು ಕರೆಯಲಾಗಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳು 1956ರ ನವೆಂಬರ್ 1ರ ವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದುವು; 1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಅಮೆರಿಕದ ಗಾಡಿಗಳನ್ನು ಜೋಡಿಸುತ್ತಿದ್ದ ದೊಡ್ಡ ಕಾರ್ಖಾನೆಗಳು ಮುಂಬಯಿಯಲ್ಲೇ ಇದ್ದುದರಿಂದ, ಈ ಸೀಮೆಗೆ ಮೋಟಾರು ಯುಗದ ಬಾಗಿಲು ತೆರೆದದ್ದು ಬೆಂಗಳೂರಿನ ಕಡೆಯಿಂದ ಎನ್ನುವುದಕ್ಕಿಂತ ಮುಂಬಯಿ ಕಡೆಯಿಂದ ಎನ್ನುವುದು ಸರಿ. ಪುಣೆ–ಬೆಂಗಳೂರು ಹೆದ್ದಾರಿ ಹಾವೇರಿ, ರಾಣೆಬೆನ್ನೂರುಗಳನ್ನು ಹಾಯ್ದು ಹೋಗುತ್ತದೆ. ಬ್ಯಾಡಗಿಗೆ ಮೋಟೆಬೆನ್ನೂರಿನ ಬಳಿ ತಿರುವು.

ಈ ಗಾಡಿಗಳು ಇಷ್ಟು ಕಾಲ ಬಾಳಿದ್ದು ರಿಪೇರಿಯಿಂದ. ಆದ್ದರಿಂದ ಅವುಗಳ ಸಂರಕ್ಷಣೆ ಎಂದರೆ ಲೋಹದ ಮೈಯನ್ನು ಉಳಿಸುವುದರ ಜೊತೆಗೆ, ಅದನ್ನು ಬಿಚ್ಚಿ ಕೂಡಿಸಬಲ್ಲ ವಿದ್ಯೆಯನ್ನೂ, ಅದು ಯಾರದು, ಎಲ್ಲಿಂದ ಬಂತು ಎಂದು ಹೇಳುವ ಕಾಗದಗಳನ್ನೂ ಉಳಿಸುವುದು.

ವಿಂಗಡಣೆ

ಭಾರತದ ಹಳೆ ಕಾರುಗಳ ರ‍್ಯಾಲಿಗಳಲ್ಲಿ ತಯಾರಿಯ ವರ್ಷ ನೋಡಿ ವರ್ಗ ಮಾಡುತ್ತಾರೆ. ಮೊದಲ ಮಹಾಯುದ್ಧ ಮುಗಿಯುವವರೆಗಿನವು ವೆಟರನ್, ಎರಡು ಯುದ್ಧಗಳ ನಡುವಿನವು ವಿಂಟೇಜ್, ಅನಂತರದವು ಕ್ಲಾಸಿಕ್ ಎಂಬುದು ಸ್ಥೂಲ ವಿಭಾಗ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 1966ರಲ್ಲಿ ಸ್ಥಾಪನೆಯಾಯಿತು. ಕನಿಷ್ಠ 30 ವರ್ಷ ಹಳೆಯದಾಗಿರುವ, ಐತಿಹಾಸಿಕವಾಗಿ ಸರಿಯಾದ ಸ್ಥಿತಿಯಲ್ಲಿ ಕಾಪಾಡಿರುವ, ದಿನನಿತ್ಯದ ಸಂಚಾರಕ್ಕೆ ಬಳಸದ ವಾಹನವನ್ನು ಅದು ಐತಿಹಾಸಿಕ ವಾಹನ ಎನ್ನುತ್ತದೆ. ಭಾರತದ ಕಾನೂನು ಇದಕ್ಕಿಂತ ಬಿಗಿ: ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನ ಮಾತ್ರ ವಿಂಟೇಜ್.

ಬಂದ ದಾರಿ

ಫೋರ್ಡ್ ಕಂಪನಿಯ ಭಾರತೀಯ ಶಾಖೆ 1926ರಲ್ಲಿ ಆರಂಭವಾಯಿತು. ಅದು ಕೆನಡಾದ ಫೋರ್ಡ್ ಕಂಪನಿಯ ಅಂಗಸಂಸ್ಥೆ. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಬಲಗಡೆ ಸ್ಟಿಯರಿಂಗ್ ಇರುವ ಫೋರ್ಡ್ ಗಾಡಿಗಳು ಕೆನಡಾದಿಂದ ಬರುತ್ತಿದ್ದುವು. ನಾವು ಅಮೆರಿಕನ್ ಎನ್ನುವ ಎಷ್ಟೋ ಕಾರುಗಳ ತಯಾರಿಕಾ ಫಲಕದಲ್ಲಿ ಕೆನಡಾದ ಹೆಸರು ಇರುವುದು ಇದೇ ಕಾರಣಕ್ಕೆ. ಹಾಗೆ ಕಂಡಾಗ ಗಾಡಿ ನಕಲಿಯೆಂದು ಸಂಶಯಪಡಬೇಕಿಲ್ಲ.

ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಣಾ ಕಾರ್ಖಾನೆ ತೆರೆಯಿತು. ಷೆವರ್ಲೆ ಕಾರು, ಲಾರಿ, ಬಸ್ಸಿನ ಚಾಸಿಗಳು ಅಲ್ಲಿಂದ ಹೊರಟುವು. ವಾಲಚಂದ್ ಹೀರಾಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಸ್ಥಾಪನೆಯಾಗಿ, ಕ್ರೈಸ್ಲರ್ ಕಂಪನಿಯ ಸಹಯೋಗದಲ್ಲಿ ಕುರ್ಲಾದಲ್ಲಿ ಡಾಜ್, ಪ್ಲಿಮತ್, ಡಿಸೋಟೊ ಕಾರುಗಳನ್ನೂ ಫಾರ್ಗೊ ಲಾರಿಗಳನ್ನೂ ಜೋಡಿಸಿತು. ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಸ್ಟೂಡಿಬೇಕರ್ ಗಾಡಿಗಳನ್ನು ಜೋಡಿಸಿತು. ಸ್ವಾತಂತ್ರ್ಯಾನಂತರ ಸರ್ಕಾರ ದೇಶೀಯ ತಯಾರಿಕೆಗೆ ಒತ್ತು ಕೊಟ್ಟು, ಬರೀ ಬಿಡಿಭಾಗ ತರಿಸಿ ಜೋಡಿಸುವವರಿಗೆ ಅವಕಾಶ ಕಡಿಮೆ ಮಾಡಿದಾಗ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ 1950ರ ದಶಕದ ಮಧ್ಯಭಾಗಕ್ಕೆ ಬಾಗಿಲು ಹಾಕಿದುವು. ಪ್ರೀಮಿಯರ್ ಇಟಲಿಯ ಫಿಯೆಟ್ ಕಡೆಗೆ ತಿರುಗಿತು. ದೊಡ್ಡ ಅಮೆರಿಕನ್ ಕಾರುಗಳ ಕಾಲ ಅಲ್ಲಿಗೆ ಮುಗಿಯಿತು. ಇದ್ದವುಗಳನ್ನೇ ರಿಪೇರಿ ಮಾಡಿ ಓಡಿಸುವ ಕಾಲ ಶುರುವಾಯಿತು.

ಜನಸಾಮಾನ್ಯರಿಗೆ ಈ ಹೆಸರುಗಳು ಪರಿಚಯವಾದದ್ದು ಕಾರಿಗಿಂತ ಹೆಚ್ಚಾಗಿ ಬಸ್ಸು, ಲಾರಿಗಳಿಂದ. 1948ರಲ್ಲಿ ಓಡಾಟ ಆರಂಭಿಸಿದ ಮುಂಬಯಿ ರಾಜ್ಯದ ಸರ್ಕಾರಿ ಸಾರಿಗೆಯಲ್ಲಿ ಬೆಡ್‌ಫರ್ಡ್, ಲೇಲ್ಯಾಂಡ್‌ಗಳ ಜೊತೆಗೆ ಷೆವರ್ಲೆ, ಫೋರ್ಡ್, ಸ್ಟೂಡಿಬೇಕರ್ ಬಸ್ಸುಗಳೂ ಇದ್ದುವು. ಸಂತೆಗೆ ಹೋಗುವ ರೈತ, ಹತ್ತಿಯ ಅಂಡಿಗೆ ಹೇರುವ ಹಮಾಲ, ಅಡತಿ ಅಂಗಡಿಯ ಗುಮಾಸ್ತ ಇವರೆಲ್ಲರ ಪಾಲಿಗೆ ಮೋಟಾರು ಎಂದರೆ ದುಡಿಮೆಯ ಸಾಧನ. ಈ ಸೀಮೆಯ ಹಳೆ ವಾಹನಗಳನ್ನು ಅಳೆಯುವಾಗ ಅರಮನೆಯ ಕಾರುಗಳ ಅಳತೆಗೋಲು ಒಗ್ಗುವುದಿಲ್ಲ.

ಕೈತಪ್ಪಿದ ಕಾರ್ಖಾನೆ

ಅಮೆರಿಕನ್ ಕಾರಿನ ಕತೆಯಲ್ಲಿ ಕನ್ನಡ ನಾಡಿಗೆ ಇನ್ನೊಂದು ಪಾಲು ಸಿಗಬೇಕಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿ ಮೋಟಾರು ಉದ್ಯಮವನ್ನು ಅಭ್ಯಾಸ ಮಾಡಿ ಬಂದು, 1936ರಲ್ಲಿ ಭಾರತದಲ್ಲಿ ಕಾರು ಕಾರ್ಖಾನೆ ಕಟ್ಟುವ ಯೋಜನೆ ಸಿದ್ಧಪಡಿಸಿದರು. ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು ಕ್ರೈಸ್ಲರ್ ಕಂಪನಿಯೊಂದಿಗೆ ಮಾತುಕತೆ ನಡೆಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರ ಬೆಂಬಲಕ್ಕೆ ನಿಂತಿತು. ಆದರೆ ಯುದ್ಧಕಾಲದ ಬ್ರಿಟಿಷ್ ಭಾರತ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಬೆಂಗಳೂರಿನಲ್ಲಿ ಏಳಬೇಕಾಗಿದ್ದ ಕಾರ್ಖಾನೆ ಕಡೆಗೆ ಮುಂಬಯಿಯ ಕುರ್ಲಾದಲ್ಲಿ ಎದ್ದಿತು. ಪ್ರೀಮಿಯರ್ ಕಂಪನಿಯ ಒಂದು ಡಾಜ್ ಕಾರನ್ನು ಕಾಪಾಡುವ ಕನ್ನಡಿಗ, ವಿಶ್ವೇಶ್ವರಯ್ಯನವರ ಕನಸಿನ ಒಂದು ತುಣುಕನ್ನೂ ಕಾಪಾಡುತ್ತಾನೆ.

ಜೀಪು

ಹಾವೇರಿ ಸೀಮೆಯ ಹಳ್ಳಿಹಳ್ಳಿಗೂ ಗೊತ್ತಿರುವ ಅಮೆರಿಕನ್ ಮೋಟಾರು ಜೀಪು. ಎರಡನೆಯ ಮಹಾಯುದ್ಧಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದುವು. ಅದರ 4 ಸಿಲಿಂಡರಿನ, ಸುಮಾರು 2.2 ಲೀಟರಿನ ಪೆಟ್ರೋಲ್ ಎಂಜಿನ್ 60 ಅಶ್ವಶಕ್ತಿಯದು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಪರವಾನಗಿಯಿಂದ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು. ಮುಂದೆ ಬಂದ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ 1968ರಲ್ಲಿ ನಿಂತುಹೋದರೂ ಭಾರತದಲ್ಲಿ ದಶಕಗಳ ಕಾಲ ಮುಂದುವರಿಯಿತು. ಇದರ ಎತ್ತರದ ಬಾನೆಟ್‌ಗೆ ಕಾರಣ ಒಳಗಿನ ಎಂಜಿನ್: ಗಾಳಿ–ಪೆಟ್ರೋಲ್ ಒಳಬಿಡುವ ವಾಲ್ವ್‌ಗಳನ್ನು ಮೇಲಿನ ಹೆಡ್‌ಗೆ ಏರಿಸಿದ್ದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಅದರೊಂದಿಗೆ ಏರಿತು.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕ್ ಕಚೇರಿಯ ಗುರುತೇ ಜೀಪಾಯಿತು. ಕಂದಾಯ, ಲೋಕೋಪಯೋಗಿ, ಅರಣ್ಯ, ಪೊಲೀಸ್ ಇಲಾಖೆಗಳೆಲ್ಲ ಅದನ್ನೇ ಬಳಸಿದುವು. ಮಳೆಗಾಲದಲ್ಲಿ ಎರೆ ಮಣ್ಣಿನ ದಾರಿಯಲ್ಲಿ ನಾಲ್ಕೂ ಗಾಲಿಗೆ ಬಲ ಕೊಡುವ ಗಾಡಿ ಬಿಟ್ಟರೆ ಚಕ್ಕಡಿಯೇ ಗತಿ. ಇಲಾಖೆಗಳು ಕಂಡಮ್ ಮಾಡಿ ಹರಾಜು ಹಾಕಿದ ಜೀಪುಗಳು ರೈತರ, ಗ್ಯಾರೇಜಿನವರ ಕೈ ಸೇರಿ ಮತ್ತೆ ದುಡಿದುವು. ಇವತ್ತು ಹೊಸದಾಗಿ ಹಳೆ ವಾಹನ ಕಾಪಾಡಲು ಹೊರಡುವವರಿಗೆ ಜೀಪಿಗಿಂತ ಒಳ್ಳೆಯ ಆರಂಭವಿಲ್ಲ. ಅದರ ಬಿಡಿಭಾಗ ಸಿಗುತ್ತದೆ, ಕೆಲಸ ಗೊತ್ತಿದ್ದ ಮಿಸ್ತ್ರಿ ಸಿಗುತ್ತಾರೆ, ಟಯರೂ ಸಿಗುತ್ತದೆ.

ಒಡೆತನ ಮತ್ತು ಕಾಗದಪತ್ರ

ಹಳೆಯ ಗಾಡಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ನೋಂದಣಿ ಪುಸ್ತಕವನ್ನು. ಈ ಸೀಮೆಯ ಗಾಡಿಗಳು ಹಲವು ಆಡಳಿತಗಳ ಕೈಯಿಂದ ದಾಟಿ ಬಂದಿವೆ: ಮೊದಲು ಮುಂಬಯಿ ರಾಜ್ಯ, ಅನಂತರ 'ಎಂವೈ' ಅಕ್ಷರಗಳ ಮೈಸೂರು ರಾಜ್ಯ, ಮುಂದೆ ಕರ್ನಾಟಕ. ಇಂದಿನ ಪದ್ಧತಿಯಲ್ಲಿ ಹಾವೇರಿಯ ಸಂಕೇತ ಕೆಎ-27, ರಾಣೆಬೆನ್ನೂರಿನದು ಕೆಎ-68. ಹಳೆಯ ದಾಖಲೆ ಕಂಪ್ಯೂಟರಿಗೆ ಏರದೆ ಉಳಿದಿದ್ದರೆ ವರ್ಗಾವಣೆ ಕಷ್ಟ. ಆದ್ದರಿಂದ ಪುಸ್ತಕದಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿನ ಸಂಖ್ಯೆಗಳೊಂದಿಗೆ ಒಂದೊಂದೇ ಅಂಕಿಯಾಗಿ ತಾಳೆ ನೋಡಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿತು. ಅದರಂತೆ ವಿಂಟೇಜ್ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ 'ವಿಎ' ಅಕ್ಷರಗಳು ಬರುತ್ತವೆ. ಇಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇವುಗಳಿಗಾಗಿ ಮಾತ್ರ ರಸ್ತೆಗಿಳಿಸಬಹುದು. ದಿನದ ಓಡಾಟಕ್ಕೂ ಬಾಡಿಗೆಗೂ ಅವಕಾಶವಿಲ್ಲ.

ನಿಯಮದ ಮುಖ್ಯ ಷರತ್ತು, ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಮ್ಮ ಭಾಗದ ಕಷ್ಟ ಇಲ್ಲಿದೆ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ತುಟ್ಟಿಯಾದಾಗ, ದೇಶದ ಉದ್ದಗಲಕ್ಕೂ ಪೆಟ್ರೋಲ್ ಜೀಪು ಮತ್ತು ದೊಡ್ಡ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಹಾಗೆ ಕೂರಿಸಿದ್ದರಿಂದಲೇ ಅವು ಗುಜರಿಗೆ ಹೋಗದೆ ಉಳಿದುವು. ಹಾಗೆ ಕೂರಿಸಿದ್ದರಿಂದಲೇ ಈಗ ವಿಂಟೇಜ್ ಮನ್ನಣೆಗೆ ಸಲ್ಲುವುದಿಲ್ಲ. ಮೂಲ ಎಂಜಿನ್ ಮನೆಯ ಹಿತ್ತಲಿನಲ್ಲೋ ಗ್ಯಾರೇಜಿನ ಮೂಲೆಯಲ್ಲೋ ಬಿದ್ದಿದ್ದರೆ ಅದನ್ನು ತೂಕಕ್ಕೆ ಮಾರಬಾರದು. ಗಾಡಿಯ ಅರ್ಧ ಚರಿತ್ರೆ ಅದರಲ್ಲಿದೆ.

ವಿಮೆಯಲ್ಲಿ ಮೂರನೆಯವರ ಹಾನಿಯ ರಕ್ಷಣೆ ಕಡ್ಡಾಯ. ಸ್ವಂತ ಹಾನಿಗೆ ವಿಮೆ ಮಾಡಿಸುವವರು, ವರ್ಷವರ್ಷ ಸವಕಳಿ ಕಳೆಯುವ ಮಾಮೂಲಿ ಲೆಕ್ಕದ ಬದಲು, ಮೊದಲೇ ಒಪ್ಪಿಕೊಂಡ ಬೆಲೆಯ ಮೇಲೆ ಪಾಲಿಸಿ ಕೊಡುತ್ತಾರೆಯೇ ಎಂದು ಕೇಳಬೇಕು.

ಯಂತ್ರದ ಸ್ವಭಾವ ಮತ್ತು ನಿರ್ವಹಣೆ

ಅಮೆರಿಕದ ಹಳ್ಳಿಗಳಲ್ಲಿ ರೈತನೇ ರಿಪೇರಿ ಮಾಡಿಕೊಳ್ಳಲೆಂದು ರೂಪಿಸಿದ ಗಾಡಿಗಳಿವು. 1908ರಿಂದ 1927ರ ವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಫೋರ್ಡ್ ಮಾಡೆಲ್ ಟಿ ಇದಕ್ಕೆ ಮಾದರಿ. ದಪ್ಪ ಲೋಹ, ಕಡಿಮೆ ವೇಗ, ಸರಳ ರಚನೆ ಇವುಗಳ ಗುಣ. ಆದರೆ ಒಂದೊಂದು ಕಂಪನಿಗೂ ತನ್ನದೇ ಹಟ ಇದೆ.

ಷೆವರ್ಲೆಯ 6 ಸಿಲಿಂಡರ್ ಎಂಜಿನ್ 1929ರಲ್ಲಿ ಬಂತು. 1950ರ ದಶಕದ ಆರಂಭದವರೆಗಿನ ಅದರ ಮಾದರಿಗಳಲ್ಲಿ ಕನೆಕ್ಟಿಂಗ್ ರಾಡಿನ ಬುಡದಲ್ಲಿರುವ ಸಣ್ಣ ಸೌಟಿನಂಥ ತುದಿ ತಳದ ಎಣ್ಣೆಯನ್ನು ಎತ್ತಿ ಬೇರಿಂಗ್‌ಗೆ ಉಣಿಸುತ್ತದೆ. ಬೇರಿಂಗ್‌ಗಳು ಮಿಸ್ತ್ರಿಗಳು ವೈಟ್‌ಮೆಟಲ್ ಎನ್ನುವ ಮೆತ್ತನೆಯ ಲೋಹವನ್ನು ಎರಕ ಹೊಯ್ದವು. ಎಣ್ಣೆ ಮಟ್ಟ ಸ್ವಲ್ಪ ಇಳಿದರೂ, ಹೆದ್ದಾರಿಯಲ್ಲಿ ಬಹಳ ಹೊತ್ತು ಜೋರಾಗಿ ಓಡಿಸಿದರೂ ಅವು ಕರಗುತ್ತವೆ. ಇಂಥ ಕಾರನ್ನು ಇಂದಿನ ಹೆದ್ದಾರಿಯ ವೇಗಕ್ಕೆ ಒಡ್ಡಬಾರದು. ಸರ್ವಿಸ್ ರಸ್ತೆಯೇ ಅದಕ್ಕೆ ತಕ್ಕ ದಾರಿ.

1932ರಲ್ಲಿ ಬಂದ ಫೋರ್ಡ್ ವಿ-8 ಎಂಜಿನ್ನಿನ ಕಾಯಿಲೆ ಕಾಯುವುದು. ಸುಟ್ಟ ಹೊಗೆಯ ದಾರಿಗಳು ಎಂಜಿನ್ ಬ್ಲಾಕಿನ ಒಳಗೇ ಹಾಯುವುದರಿಂದ ಆ ಕಾವೆಲ್ಲ ನೀರಿಗಿಳಿಯುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ರೇಡಿಯೇಟರ್ ಸ್ವಚ್ಛವಾಗಿಲ್ಲದಿದ್ದರೆ ಗಾಡಿ ಕುದಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟಿ ತೊಂದರೆ ಇಮ್ಮಡಿಯಾಗುತ್ತದೆ. ಮಳೆನೀರು ಅಥವಾ ಶುದ್ಧೀಕರಿಸಿದ ನೀರಿನೊಂದಿಗೆ ಕೂಲೆಂಟ್ ಬೆರೆಸಿ ಹಾಕುವುದು ಎಲ್ಲ ಹಳೆ ಎಂಜಿನ್‌ಗಳಿಗೂ ಒಳ್ಳೆಯದು.

ಕ್ರೈಸ್ಲರ್ ಬಳಗದ ಡಾಜ್, ಪ್ಲಿಮತ್, ಡಿಸೋಟೊಗಳ 6 ಸಿಲಿಂಡರ್ ಎಂಜಿನ್ ತಾಳಿಕೆಗೆ ಹೆಸರಾದದ್ದು. ಭಾರತದಲ್ಲಿ ಕಾಣುವ ಡಾಜ್ ಕಿಂಗ್ಸ್‌ವೇ ಎಂಬುದು ಹೊರದೇಶಗಳಿಗೆಂದು ಹೆಸರು ಬದಲಿಸಿದ ಪ್ಲಿಮತ್ ಕಾರೇ ಆದ್ದರಿಂದ ಒಂದರ ಬಿಡಿಭಾಗ ಇನ್ನೊಂದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಈ ಕಾರುಗಳ ಗಾಲಿ ಬಿಚ್ಚುವವರು ಒಂದು ಸಂಗತಿ ನೆನಪಿಡಬೇಕು. ಎಡಗಡೆಯ ಗಾಲಿಗಳ ಬೋಲ್ಟುಗಳಿಗೆ ಉಲ್ಟಾ ಮರೆ ಇರುತ್ತದೆ. ಗಾಲಿ ತಿರುಗುವ ರಭಸಕ್ಕೆ ಸಡಿಲಾಗದಿರಲೆಂದು ಮಾಡಿದ ಏರ್ಪಾಡು ಇದು. ಗೊತ್ತಿಲ್ಲದ ಹುಡುಗ ಮಾಮೂಲಿನಂತೆ ಎಡಕ್ಕೆ ತಿರುಗಿಸುತ್ತಾನೆ, ಅದು ಇನ್ನಷ್ಟು ಬಿಗಿಯುತ್ತದೆ. ಪಾನಾದ ತುದಿಗೆ ಪೈಪು ಸಿಕ್ಕಿಸಿ ಮೈಭಾರ ಹಾಕುತ್ತಾನೆ, ಬೋಲ್ಟು ಮುರಿಯುತ್ತದೆ. ಬಿಚ್ಚುವ ಮುಂಚೆ ತುದಿಯ ಮಣ್ಣೊರಸಿ ಮರೆ ಯಾವ ಕಡೆಗೆ ಸುತ್ತಿದೆ ಎಂದು ಕಣ್ಣಿಟ್ಟು ನೋಡಿದರೆ ಇಷ್ಟೆಲ್ಲ ತಪ್ಪುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲೂ ಇದೇ ಪದ್ಧತಿ ಇದೆ.

ಈ ಗಾಡಿಗಳ ನಟ್ಟು ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. ಮಿಲಿಮೀಟರಿನ ಪಾನಾ ಒತ್ತಾಯದಿಂದ ಕೂರಿಸಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಇಂಚಿನ ಒಂದು ಸೆಟ್ ಪಾನಾ ಮಾಲೀಕರ ಮೊದಲ ಖರೀದಿಯಾಗಬೇಕು.

ವಿದ್ಯುತ್ತಿನ ವಿಷಯದಲ್ಲಿ, 1950ರ ದಶಕದ ಮಧ್ಯದವರೆಗಿನ ಅಮೆರಿಕನ್ ಕಾರುಗಳಲ್ಲಿ ಹೆಚ್ಚಿನವು 6 ವೋಲ್ಟಿನವು. ಫೋರ್ಡ್ ಮತ್ತು ಕ್ರೈಸ್ಲರ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಚಾಸಿಗೆ ಅರ್ತ್ ಆಗಿರುತ್ತದೆ, ಷೆವರ್ಲೆಯಲ್ಲಿ ಮೈನಸ್. ಅಭ್ಯಾಸಬಲದಿಂದ ಉಲ್ಟಾ ಜೋಡಿಸಿದರೆ ಚಾರ್ಜಿಂಗ್ ವ್ಯವಸ್ಥೆ ಕೆಡುತ್ತದೆ. ಸೆಲ್ಫ್ ನಿಧಾನವಾಗಿ ತಿರುಗುತ್ತದೆ ಎಂದು 12 ವೋಲ್ಟಿಗೆ ಬದಲಿಸುವುದು ನಮ್ಮಲ್ಲಿ ರೂಢಿ. ಬಹಳ ಸಲ ನಿಜವಾದ ದೋಷ, ತೆಳ್ಳನೆಯ ಕೇಬಲ್ ಮತ್ತು ತುಕ್ಕು ಹಿಡಿದ ಅರ್ತ್. 6 ವೋಲ್ಟಿಗೆ ಬೆರಳು ಗಾತ್ರದ ದಪ್ಪ ಕೇಬಲ್ ಬೇಕು. ಅದನ್ನು ಹಾಕಿ, ತುದಿಗಳನ್ನು ಉಜ್ಜಿ ಹೊಳಪು ಬರಿಸಿದರೆ ಕಾರು ಹುಟ್ಟಿದ ದಿನದಂತೆ ಸ್ಟಾರ್ಟ್ ಆಗುತ್ತದೆ.

ಪೆಟ್ರೋಲ್ ಮತ್ತು ಟಯರು

ಸೀಸ ಬೆರೆಸಿದ ಪೆಟ್ರೋಲ್ ಭಾರತದಲ್ಲಿ 2000ದ ಫೆಬ್ರವರಿಯಲ್ಲಿ ನಿಂತಿತು. ಹಗುರವಾಗಿ ಓಡುವ ಕಡಿಮೆ ಒತ್ತಡದ ಹಳೆ ಎಂಜಿನ್‌ಗಳಿಗೆ ಅದರಿಂದ ಹೆಚ್ಚು ಕೇಡಾಗಲಿಲ್ಲ. ಹೆಡ್ ಬಿಚ್ಚಿದ ಸಂದರ್ಭದಲ್ಲಿ ಗಟ್ಟಿ ಉಕ್ಕಿನ ವಾಲ್ವ್ ಸೀಟು ಹಾಕಿಸಿಕೊಂಡರೆ ಸಾಕು. ಈಗಿನ ಸವಾಲು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಹುಲುಸಾಗಿ ಬೆಳೆಯುವ ಗೋವಿನಜೋಳವೇ ಎಥನಾಲಿನ ಒಂದು ಮೂಲ. ರೈತನಿಗೆ ಅದು ಒಳ್ಳೆಯದು. ಹಳೆ ಗಾಡಿಗೆ ಎಚ್ಚರಿಕೆ ಬೇಕು. ಎಥನಾಲ್ ಹಳೆಯ ರಬ್ಬರ್ ಪೈಪು ಮತ್ತು ಪೆಟ್ರೋಲ್ ಪಂಪಿನ ಡಯಾಫ್ರಂ ಮೆತ್ತಗಾಗಿಸುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರು ಕಟ್ಟಿಸುತ್ತದೆ, ಕಾರ್ಬೊರೇಟರ್ ಒಳಗೆ ಬಿಳಿ ಪುಡಿ ಕಟ್ಟುತ್ತದೆ. ಎಥನಾಲ್ ತಡೆಯುವ ಪೈಪುಗಳನ್ನು ಹಾಕಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು ಖಾಲಿ ಮಾಡಿ ಕಾರ್ಬೊರೇಟರ್ ಒಣಗಿಸುವುದು ಇದಕ್ಕೆ ಪರಿಹಾರ.

ಟಯರಿನ ವಿಷಯದಲ್ಲಿ ಈ ಸೀಮೆಯವರು ಅದೃಷ್ಟವಂತರು. 1930 ಮತ್ತು 40ರ ದಶಕಗಳ ಎಷ್ಟೋ ಫೋರ್ಡ್, ಷೆವರ್ಲೆ, ಪ್ಲಿಮತ್‌ಗಳ ಟಯರು 6.00-16 ಅಳತೆಯದು. ಅದೇ ಅಳತೆ ಜೀಪಿಗೂ ಇದೆ, ಟ್ರ್ಯಾಕ್ಟರಿನ ಮುಂದಿನ ಗಾಲಿಗೂ ಇದೆ. ಆದ್ದರಿಂದ ಯಾವ ತಾಲ್ಲೂಕು ಪಟ್ಟಣದಲ್ಲಾದರೂ ಆ ಅಳತೆ ಹೊಸದಲ್ಲ. ಅಳತೆ ಒಂದೇ ಎಂದು ಟ್ರ್ಯಾಕ್ಟರ್ ಟಯರನ್ನು ಕಾರಿಗೆ ಹಾಕಬಾರದು. ಅದು ಹೊಲದ ನಿಧಾನಗತಿಗೆ ಮಾಡಿದ್ದು, ರಸ್ತೆಯ ವೇಗ ತಡೆಯದು. ಜೀಪಿನ ಟಯರನ್ನೇ ಕೇಳಿ ಕೊಳ್ಳಬೇಕು.

ಮೈ, ಬಣ್ಣ, ಹವೆ

ಕಡಲತೀರಕ್ಕೆ ಹೋಲಿಸಿದರೆ ಹಾವೇರಿಯ ಹವೆ ಹಳೆಯ ಲೋಹಕ್ಕೆ ದಯಾಳು. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 750 ಮಿ.ಮೀ.; ಉಪ್ಪುಗಾಳಿಯ ಕಾಟವಿಲ್ಲ. ಶತ್ರುಗಳು ಬೇರೆ. ಮೊದಲನೆಯದು ಎರೆ ಮಣ್ಣು. ಅದು ಮಡ್‌ಗಾರ್ಡಿನ ಒಳಮೈಗೆ, ಚಾಸಿಯ ಸಂದಿಗೆ ಮೆತ್ತಿಕೊಂಡರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿಟ್ಟು ಲೋಹವನ್ನು ತಿನ್ನುತ್ತದೆ. ಮಳೆಗಾಲದ ಪ್ರತಿ ಸವಾರಿಯ ನಂತರ ಅಡಿಭಾಗವನ್ನು ನೀರು ಬಿಟ್ಟು ತೊಳೆಯಬೇಕು. ಎರಡನೆಯದು ಇಲಿ. ಕಾಳುಕಡಿ ತುಂಬಿದ ವಖಾರಿಯ ಪಕ್ಕ ನಿಲ್ಲಿಸಿದ ಗಾಡಿಯ ಸೀಟಿನ ನಾರು, ಬಟ್ಟೆ ಸುತ್ತಿದ ವೈರು ಅದರ ಪಾಲಾಗುತ್ತವೆ. ಮೂರನೆಯದು ಗಾಳಿಯಾಡದ ಪ್ಲಾಸ್ಟಿಕ್ ತಾಡಪತ್ರಿ. ಅದರ ಅಡಿಯಲ್ಲಿ ರಾತ್ರಿ ತೇವ ಕೂತು, ಬಯಲಿನಲ್ಲಿ ನಿಂತ ಗಾಡಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ತಗಡಿನ ನೆರಳು, ಗಟ್ಟಿ ನೆಲ, ಹತ್ತಿ ಬಟ್ಟೆಯ ಹೊದಿಕೆ ಇಷ್ಟಿದ್ದರೆ ಸಾಕು.

ಪೇಂಟರುಗಳು ಇಂದಿಗೂ ಗಾಡಿಯ ಬಣ್ಣವನ್ನು ಡ್ಯೂಕೊ ಎನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಜನರಲ್ ಮೋಟಾರ್ಸ್ ಜೊತೆ ಸೇರಿ ತಂದ ಬೇಗ ಒಣಗುವ ಬಣ್ಣದ ಹೆಸರು ಅದು. ಹಳೆಯ ಬಣ್ಣ ಮಾಸಿದ್ದರೂ ಮೂಲದ್ದಾಗಿದ್ದರೆ ಅದನ್ನು ಕೆರೆದು ಹಾಕುವ ಮುಂಚೆ ಹತ್ತು ಸಲ ಯೋಚಿಸಬೇಕು. ಹೊಸ ಬಣ್ಣವನ್ನು ಎಷ್ಟು ಸಲ ಬೇಕಾದರೂ ಬಳಿಯಬಹುದು. ಮೂಲದ ಬಣ್ಣ ಒಂದೇ ಸಲ. ಖಂಡೆ ಪೂಜೆಯ ದಿನ ಹಚ್ಚುವ ಅರಿಶಿನ, ಕುಂಕುಮ, ತೆಂಗಿನ ನೀರು ಹಳೆಯ ಬಣ್ಣದಲ್ಲಿ ಕಲೆ ಉಳಿಸುತ್ತವೆ. ಗಾಜಿನ ಮೇಲೋ ಬಂಪರಿಗೆ ಕಟ್ಟಿದ ಬಾಳೆಎಲೆಯ ಮೇಲೋ ಹಚ್ಚಿ, ಸಂಜೆಯೊಳಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಪೂಜೆಯೂ ಸಲ್ಲುತ್ತದೆ, ಬಣ್ಣವೂ ಉಳಿಯುತ್ತದೆ.

ನಿಂತ ಗಾಡಿಯನ್ನು ಎಬ್ಬಿಸುವ ಕ್ರಮ

ಹತ್ತಿಪ್ಪತ್ತು ವರ್ಷ ನಿಂತಿದ್ದ ಗಾಡಿ ಸಿಕ್ಕಾಗ ಸಂಭ್ರಮದಲ್ಲಿ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯುವುದೇ ದೊಡ್ಡ ತಪ್ಪು. ಸಿಲಿಂಡರಿನ ಗೋಡೆಗೆ ರಿಂಗು ಅಂಟಿಕೊಂಡಿರುತ್ತದೆ. ಒಮ್ಮೆಲೆ ಎಳೆದರೆ ರಿಂಗು ಮುರಿದು ಗೋಡೆ ಗೀರುತ್ತದೆ. ಮೊದಲು ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ಎರಡು ಚಮಚ ತೆಳು ಎಣ್ಣೆ ಬಿಟ್ಟು ಎರಡು ಮೂರು ದಿನ ಕಾಯಬೇಕು. ಆಮೇಲೆ ಗೇರು ತೆಗೆದು, ಮುಂದಿನ ಹ್ಯಾಂಡಲನ್ನು ಕೈಯಿಂದ ಮೆಲ್ಲಗೆ ಅಲುಗಿಸಬೇಕು. ಮೊದಲು ಕಲ್ಲಿನಂತಿರುತ್ತದೆ, ಅನಂತರ ಕೂದಲೆಳೆಯಷ್ಟು ಸರಿಯುತ್ತದೆ. ಹಿಂದೆ ಮುಂದೆ ಆಡಿಸುತ್ತ ಹೋದರೆ ಒಂದು ಗಳಿಗೆಯಲ್ಲಿ ಪೂರ್ತಿ ಸುತ್ತು ಬರುತ್ತದೆ. ಆಗ ತಳದ ಎಣ್ಣೆ ಬದಲಿಸಿ, ಟ್ಯಾಂಕು ಇಳಿಸಿ ತೊಳೆದು, ಸಣ್ಣ ಡಬ್ಬಿಯಿಂದ ಹೊಸ ಪೆಟ್ರೋಲ್ ಕೊಟ್ಟು ಸ್ಟಾರ್ಟ್ ಮಾಡಬೇಕು. ಎಂಜಿನ್ ಉಸಿರಾಡಿತೆಂದು ರಸ್ತೆಗಿಳಿಸಬಾರದು. ಬ್ರೇಕಿನ ಸಿಲಿಂಡರುಗಳನ್ನೆಲ್ಲ ಬಿಚ್ಚಿ, ಸವೆದಿದ್ದರೆ ಲೇತ್‌ನಲ್ಲಿ ಒಳಕೊಳವೆ ಹಾಕಿಸಿ, ಹೊಸ ರಬ್ಬರ್ ಕೂರಿಸಿದ ನಂತರವೇ ಸವಾರಿ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಅದರ ಪುಡಿಯನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಬಿಡಿಭಾಗ ಮತ್ತು ಕಸುಬುದಾರರು

ಜೀಪಿನ ಭಾಗಗಳು ಪಂಜಾಬ್, ಹರಿಯಾಣದ ಕಡೆಯಿಂದ ಇಂದಿಗೂ ಬರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆ, ಮುಂಬಯಿಯ ಹಳೆ ಮಾರುಕಟ್ಟೆಗಳಲ್ಲಿ ಹುಡುಕಿದರೆ ಇನ್ನೂ ಕೆಲವು ಸಿಗುತ್ತವೆ. ಫೋರ್ಡ್, ಷೆವರ್ಲೆಗಳಿಗೆ ಅಮೆರಿಕದಲ್ಲೇ ಹೊಸದಾಗಿ ಭಾಗಗಳನ್ನು ತಯಾರಿಸುವವರಿದ್ದಾರೆ. ಸಾಗಣೆ, ಸುಂಕ ಸೇರಿ ಬೆಲೆ ಏರುತ್ತದೆ. ಎಲ್ಲೂ ಸಿಗದದ್ದನ್ನು ಊರಿನ ಲೇತ್ ಅಂಗಡಿ ಮಾಡಿಕೊಡುತ್ತದೆ. ತುಂಗಭದ್ರೆಯ ಆಚೆ ದಡದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿದರೂ ನದಿಯ ಎರಡೂ ದಡಗಳಲ್ಲಿ ಲೋಹ ಕಡೆಯುವ ಕಸುಬು ಬಾಳಿಕೊಂಡು ಬಂದಿದೆ.

ಒಂದು ಹಳೆಯ ಕಾರಿಗೆ ಬೇಕಾದ ಕೈಗಳು ಹಲವು: ಎಂಜಿನ್ ಮಿಸ್ತ್ರಿ, ಟಿಂಕರಿಂಗ್ ಮಾಡುವವರು, ಪೇಂಟರು, ವೈರಿಂಗ್ ನೋಡುವವರು, ಸೀಟು ಹೊಲಿಯುವವರು, ಕಮಾನು ಪಟ್ಟಿಗೆ ಹದ ಕೊಡುವ ಕಮ್ಮಾರರು. ವೈಟ್‌ಮೆಟಲ್ ಎರಕ ಹೊಯ್ದು ಕೆರೆದು ಕೂರಿಸುವ, ಪಾಯಿಂಟಿನ ಸಂದನ್ನು ಕಿವಿಯಿಂದಲೇ ಸರಿಮಾಡುವ ವಿದ್ಯೆ ಹಿರಿಯರ ಕೈಯಲ್ಲಿದೆ. ಅವರ ಮಕ್ಕಳು ಕಂಪ್ಯೂಟರ್ ಹಚ್ಚಿ ದೋಷ ಓದುವ ಗಾಡಿಗಳ ಕೆಲಸ ಕಲಿತಿದ್ದಾರೆ. ಹೊಟ್ಟೆಪಾಡಿಗೆ ಅದು ಸರಿಯೂ ಹೌದು. ಹಿರಿಯ ಮಿಸ್ತ್ರಿ ಹಳೆಯ ಎಂಜಿನ್ ಬಿಚ್ಚುವಾಗ ಯಾರಾದರೂ ಪಕ್ಕದಲ್ಲಿ ನಿಂತು ಚಿತ್ರ ತೆಗೆದು, ಅವರ ಮಾತಿನಲ್ಲೇ ಬರೆದಿಡದಿದ್ದರೆ ಆ ವಿದ್ಯೆ ಮುಂದಿನ ತಲೆಮಾರಿಗೆ ದಾಟುವುದಿಲ್ಲ.

ಸಂಗ್ರಹಾಲಯ ಮತ್ತು ಸಂಘಗಳು

ಕರ್ನಾಟಕದಲ್ಲಿ ಹಳೆಯ ಕಾರುಗಳ ಹೆಸರಾಂತ ಸಂಗ್ರಹ ಧರ್ಮಸ್ಥಳದ್ದು. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಈ ಸಂಗ್ರಹದ ಮುಂದುವರಿಕೆಯಾಗಿ ಶ್ರೀರಂಗಪಟ್ಟಣದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 'ಪಯಣ' ಕಾರು ಸಂಗ್ರಹಾಲಯ ಆರಂಭವಾಗಿದೆ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಮತ್ತು ಕ್ಲಾಸಿಕ್ ಕಾರ್ ಕ್ಲಬ್ ಇದೆ. ಹಳೆ ಗಾಡಿಯ ಹಬ್ಬಕ್ಕೆ ದೇಶದಲ್ಲಿ ಹೆಸರು ತಂದದ್ದು 1964ರಲ್ಲಿ ದೆಹಲಿಯಲ್ಲಿ ಆರಂಭವಾದ ಸ್ಟೇಟ್ಸ್‌ಮನ್ ರ‍್ಯಾಲಿ.

ಇವೆಲ್ಲ ಮುಖ್ಯವಾಗಿ ಕಾರುಗಳನ್ನು ಕುರಿತವು. ಮೆಣಸಿನಕಾಯಿ, ಹತ್ತಿ, ಗೋವಿನಜೋಳ ಹೇರಿದ ಲಾರಿಗಳನ್ನೂ ಕಚೇರಿಯ ಜೀಪುಗಳನ್ನೂ ಊರಿನ ಚರಿತ್ರೆಯ ಭಾಗವಾಗಿ ಇಡುವ ಕೆಲಸ ಬಯಲುಸೀಮೆಯ ಪಟ್ಟಣಗಳಲ್ಲೇ ಆಗಬೇಕು. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಒಂದು ಜೀಪು, ಅದರ ಹರಾಜಿನ ಕಾಗದ, ಅದನ್ನು ಓಡಿಸಿದವರ ಮಾತು, ಬಿಚ್ಚಿಟ್ಟ ಒಂದು ಎಂಜಿನ್ ಇಷ್ಟಿದ್ದರೆ ಯಾವ ಐಟಿಐ ಅಥವಾ ಶಾಲೆಯಲ್ಲಾದರೂ ಒಂದು ಕೊಠಡಿ ಸಾರ್ಥಕವಾಗುತ್ತದೆ.

ಹಳೆಯ ಗಾಡಿ ಮನೆಯಲ್ಲಿರುವವರು ಈ ವರ್ಷ ಮಾಡಬಹುದಾದ ಕೆಲಸಗಳು ಮೂರು. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಕೊಂಡ ಕತೆಯನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಬಿಚ್ಚಿ ತೆಗೆದ ಮೂಲ ಭಾಗ ಯಾವುದನ್ನೂ ಗುಜರಿಗೆ ಹಾಕಬೇಡಿ. ನಿಮ್ಮ ಮಿಸ್ತ್ರಿಗೆ ಗೊತ್ತಿರುವುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿ.